ಅಮೆರಿಕದ ಸ್ಥಾಪಕರು ಮತ್ತು ಕ್ರೈಸ್ತ ಪರಂಪರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಇತಿಹಾಸದ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಓದುಗರ ಪತ್ರಗಳಲ್ಲಿ, ಸಭೆ ಮುಗಿದ ಮೇಲಿನ ಹರಟೆಯಲ್ಲಿ, ಅಲ್ಲಿ ನೆಲೆಸಿದ ಕನ್ನಡದವರ ಫೋನಿನಲ್ಲಿ ಕೇಳಿದ್ದನ್ನು ಅವರವರ ಮಾತಿನಲ್ಲೇ ಕೆಳಗೆ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

## ಮೊದಲು ತಿಳಿಯಬೇಕಾದದ್ದು

ಅಮೆರಿಕ ಕ್ರೈಸ್ತ ರಾಷ್ಟ್ರ ಹೌದೋ ಅಲ್ಲವೋ? ಒಂದೇ ಮಾತಲ್ಲಿ ಹೇಳಿ.

ಕಾನೂನಿನ ಪ್ರಕಾರ ಅಲ್ಲ. 1787ರಲ್ಲಿ ಬರೆದ ಸಂವಿಧಾನ ಯಾವ ಧರ್ಮವನ್ನೂ ರಾಷ್ಟ್ರಧರ್ಮ ಎಂದು ಹೇಳುವುದಿಲ್ಲ. ಆದರೆ ಅದನ್ನು ಕಟ್ಟಿದ ಜನ ಬಹುಪಾಲು ಪ್ರಾಟೆಸ್ಟೆಂಟ್ ಕ್ರೈಸ್ತರು. ಅವರ ಶಾಲೆ, ಊರು, ಭಾಷೆ, ನ್ಯಾಯದ ಕಲ್ಪನೆ ಎಲ್ಲದರಲ್ಲೂ ಬೈಬಲ್ ಬೆರೆತಿತ್ತು. ಈ ಎರಡು ಮಾತುಗಳಲ್ಲಿ ಒಂದನ್ನು ಮಾತ್ರ ಹಿಡಿದುಕೊಂಡವರೇ ಇವತ್ತು ಅಲ್ಲಿ ಗಟ್ಟಿಯಾಗಿ ವಾದ ಮಾಡುತ್ತಿರುವುದು. ಎರಡೂ ನಿಜ.

ಸ್ಥಾಪಕರು ಅಂದ್ರೆ ಮೇಫ್ಲವರ್ ಹಡಗಿನಲ್ಲಿ ಬಂದವರಾ, ವಾಷಿಂಗ್ಟನ್ ಕಾಲದವರಾ?

ಗೊಂದಲದ ಅರ್ಧ ಪಾಲು ಇಲ್ಲೇ ಇದೆ. ಮೇಫ್ಲವರ್ 102 ಪ್ರಯಾಣಿಕರನ್ನು ಹೊತ್ತು ಪ್ಲಿಮತ್ ಕಡೆಗೆ ಬಂದದ್ದು 1620ರಲ್ಲಿ. ಸ್ವಾತಂತ್ರ್ಯ ಘೋಷಣೆಯಾದದ್ದು 1776ರಲ್ಲಿ. ನಡುವೆ ಒಂದೂವರೆ ಶತಮಾನವಿದೆ. ದಡ ಮುಟ್ಟುವ ಮುಂಚೆ 41 ಗಂಡಸರು ಸಹಿ ಹಾಕಿದ ಮೇಫ್ಲವರ್ ಒಪ್ಪಂದ, 'ದೇವರ ಮಹಿಮೆಗಾಗಿ, ಕ್ರೈಸ್ತ ನಂಬಿಕೆಯ ಏಳಿಗೆಗಾಗಿ' ತಾವು ಬಂದಿದ್ದೇವೆ ಎಂದು ನೇರವಾಗಿ ಹೇಳುತ್ತದೆ. ಸಂವಿಧಾನ ಅಂಥ ಮಾತನ್ನು ಎಲ್ಲೂ ಆಡುವುದಿಲ್ಲ. 'ಸ್ಥಾಪಕರು ಹೀಗಂದಿದ್ದರು' ಎಂದು ಯಾರಾದರೂ ಹೇಳಿದರೆ, ಯಾವ ಕಾಲದವರು ಎಂದು ಮೊದಲು ಕೇಳಿ. ಇಲ್ಲಿ 'ಸ್ಥಾಪಕರು' ಅಂದಾಗ ನಾನು 1776ರಿಂದ 1791ರವರೆಗೆ ದೇಶವನ್ನು ರೂಪಿಸಿದವರನ್ನು ಉದ್ದೇಶಿಸಿದ್ದೇನೆ.

ಧರ್ಮ ಸ್ವಾತಂತ್ರ್ಯ ಹುಡುಕಿಕೊಂಡು ಬಂದವರೇ ಬೇರೆಯವರನ್ನು ಗಲ್ಲಿಗೇರಿಸಿದರಂತೆ, ನಿಜವಾ?

ನಿಜ. 1630ರಲ್ಲಿ ಮ್ಯಾಸಚೂಸೆಟ್ಸ್ ಕೊಲ್ಲಿಗೆ ಬಂದ ಪ್ಯೂರಿಟನ್ನರು, ಅಂದರೆ ಇಂಗ್ಲೆಂಡಿನ ಚರ್ಚನ್ನು ಶುದ್ಧಗೊಳಿಸಬೇಕೆಂದ ಪ್ರಾಟೆಸ್ಟೆಂಟರು, ತಮ್ಮ ದೇವರನ್ನು ತಮ್ಮ ರೀತಿಯಲ್ಲಿ ಆರಾಧಿಸುವ ಸ್ವಾತಂತ್ರ್ಯ ಬಯಸಿದ್ದರು. ಎಲ್ಲರಿಗೂ ಆ ಸ್ವಾತಂತ್ರ್ಯ ಇರಬೇಕೆಂಬುದು ಅವರ ಮನಸ್ಸಿನಲ್ಲಿರಲಿಲ್ಲ. ಕ್ವೇಕರ್ ಪಂಥದ ಮೇರಿ ಡಯರ್ ಗಡೀಪಾರಾದರೂ ಮತ್ತೆ ಮತ್ತೆ ಬಾಸ್ಟನ್ನಿಗೆ ಹಿಂತಿರುಗಿದಳು. 1659ರಲ್ಲಿ ಕೊರಳಿಗೆ ಹಗ್ಗ ಬಿದ್ದ ಮೇಲೆ ಅವಳನ್ನು ಇಳಿಸಿ ಊರಾಚೆ ಕಳಿಸಿದರು. ಮರುವರ್ಷ ಮತ್ತೆ ಬಂದಳು. 1660ರ ಜೂನ್ 1ರಂದು ಗಲ್ಲಿಗೇರಿಸಿದರು. ಆ ಕೆಲವು ವರ್ಷಗಳಲ್ಲಿ ಬಾಸ್ಟನ್ನಿನಲ್ಲಿ ಹೀಗೆ ಪ್ರಾಣ ಕೊಟ್ಟ ಕ್ವೇಕರರು ನಾಲ್ವರು.

ಆದರೆ ಅದೇ ಮಣ್ಣಿನಿಂದ ರಾಜರ್ ವಿಲಿಯಮ್ಸ್ ಕೂಡ ಎದ್ದ. ಪಾದ್ರಿ, ಪ್ಯೂರಿಟನ್ನರಿಗಿಂತ ಕಟ್ಟಾ ಪ್ಯೂರಿಟನ್. ಸರ್ಕಾರ ಮನುಷ್ಯನ ಅಂತರಂಗಕ್ಕೆ ಕೈ ಹಾಕಬಾರದು ಎಂದದ್ದಕ್ಕೆ 1635ರಲ್ಲಿ ಗಡೀಪಾರಿನ ಶಿಕ್ಷೆಯಾಯಿತು. ಚಳಿಗಾಲದಲ್ಲಿ ಕಾಡು ಹಾದು ಹೋಗಿ, ಮೂಲನಿವಾಸಿಗಳ ಆಸರೆ ಪಡೆದು, 1636ರಲ್ಲಿ ಪ್ರಾವಿಡೆನ್ಸ್ ಊರನ್ನು ಕಟ್ಟಿದ. ಚರ್ಚೆಂಬ ತೋಟಕ್ಕೂ ಲೋಕವೆಂಬ ಕಾಡಿಗೂ ನಡುವೆ ಗೋಡೆ ಇರಬೇಕು ಎಂದು 1644ರಲ್ಲೇ ಬರೆದವನು ಅವನು. ಗೋಡೆ ಬೇಕಾಗಿದ್ದದ್ದು ತೋಟವನ್ನು ಕಾಡಿನಿಂದ ಕಾಪಾಡಲು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಾಗಾದ್ರೆ ಪ್ಯೂರಿಟನ್ನರಿಂದ ಒಳ್ಳೇದು ಏನೂ ಆಗಲಿಲ್ವಾ?

ತುಂಬ ಆಯಿತು. ಪ್ರತಿಯೊಬ್ಬರೂ ಬೈಬಲನ್ನು ಸ್ವತಃ ಓದಬೇಕೆಂಬ ಹಟವೇ ಅಲ್ಲಿ ಅಕ್ಷರದ ಬೇರು. 50 ಮನೆಗಳಿರುವ ಊರು ಮೇಷ್ಟರನ್ನು ನೇಮಿಸಲೇಬೇಕೆಂದು ಮ್ಯಾಸಚೂಸೆಟ್ಸ್ 1647ರಲ್ಲಿ ಕಾನೂನು ಮಾಡಿತು. ಹಾರ್ವರ್ಡ್ 1636ರಲ್ಲಿ, ಯೇಲ್ 1701ರಲ್ಲಿ ಹುಟ್ಟಿದವು. ಎರಡರ ಹಿಂದೆಯೂ ಓದಿದ ಬೋಧಕರು ಬೇಕೆಂಬ ಕಾಳಜಿಯಿತ್ತು. ಸಭೆಯ ಸದಸ್ಯರೇ ಸೇರಿ ತಮ್ಮ ಬೋಧಕನನ್ನು ಆರಿಸಿಕೊಳ್ಳುವ ರೂಢಿ ಊರಿನ ಆಡಳಿತಕ್ಕೂ ಹಬ್ಬಿತು. ಅಮೆರಿಕದಲ್ಲಿ ಅಚ್ಚಾದ ಮೊದಲ ಇಡೀ ಬೈಬಲ್ ಇಂಗ್ಲಿಷಿನದಲ್ಲ. ಅದು ಮ್ಯಾಸಚೂಸೆಟ್ ಮೂಲನಿವಾಸಿಗಳ ಭಾಷೆಯದು, ಜಾನ್ ಎಲಿಯಟ್ 1663ರಲ್ಲಿ ಹೊರತಂದದ್ದು. ಆ ಕೆಲಸಕ್ಕೆ ನೆರವಾದ ಮೂಲನಿವಾಸಿಗಳ ಜನಾಂಗಗಳೇ ಮುಂದೆ ನೆಲ ಕಳೆದುಕೊಂಡವು ಎಂಬುದನ್ನೂ ಜೊತೆಗೇ ಹೇಳಬೇಕು.

## ವ್ಯಕ್ತಿಗಳ ಬಗ್ಗೆ

ವಾಷಿಂಗ್ಟನ್ ಹಿಮದಲ್ಲಿ ಮಂಡಿಯೂರಿ ಪ್ರಾರ್ಥನೆ ಮಾಡೋ ಚಿತ್ರ ನೋಡಿದ್ದೀನಿ. ಅದು ನಡೆದದ್ದಾ?

ನಡೆದದ್ದಕ್ಕೆ ಆ ಕಾಲದ ದಾಖಲೆ ಇಲ್ಲ. 1777-78ರ ಚಳಿಗಾಲದಲ್ಲಿ ವ್ಯಾಲಿ ಫೋರ್ಜ್ ಪಾಳೆಯದಲ್ಲಿ ಸೈನ್ಯ ಹಸಿವು, ರೋಗಗಳಿಂದ ನರಳಿದ್ದು ನಿಜ. ಪ್ರಾರ್ಥನೆಯ ಕಥೆಯನ್ನು ಜನಪ್ರಿಯ ಮಾಡಿದ್ದು ಮೇಸನ್ ವೀಮ್ಸ್ ಎಂಬ ಪಾದ್ರಿ, ಅದೂ ವಾಷಿಂಗ್ಟನ್ ತೀರಿಕೊಂಡ ಮೇಲೆ. ಚೆರ್ರಿ ಮರ ಕಡಿದು ನಿಜ ಒಪ್ಪಿಕೊಂಡ ಹುಡುಗನ ಕಥೆಯೂ ಅವನದೇ.

ನಿಜವಾದ ವಾಷಿಂಗ್ಟನ್ ಇದಕ್ಕಿಂತ ಮೌನಿ. ವರ್ಜೀನಿಯದ ಟ್ರೂರೊ ಪ್ಯಾರಿಷಿನ ಚರ್ಚ್ ಆಡಳಿತ ಸಮಿತಿಯಲ್ಲಿ ವರ್ಷಗಟ್ಟಲೆ ದುಡಿದವರು. ದೈವಕೃಪೆ ತನ್ನನ್ನೂ ದೇಶವನ್ನೂ ಕಾಪಾಡಿತೆಂದು ಮನಸಾರೆ ನಂಬಿದ್ದರು. ಆದರೆ ಅಧ್ಯಕ್ಷರಾಗಿ ಫಿಲಡೆಲ್ಫಿಯಾದಲ್ಲಿದ್ದಾಗ ಪ್ರಭುಭೋಜನ ಸ್ವೀಕರಿಸುತ್ತಿರಲಿಲ್ಲ ಎಂದು ಅಲ್ಲಿನ ಪಾದ್ರಿಗಳೇ ಹೇಳಿದ್ದಾರೆ. ಪತ್ರಗಳಲ್ಲಿ ಯೇಸುವಿನ ಹೆಸರು ಸಿಗುವುದು ತೀರಾ ಅಪರೂಪ.

ಅವರನ್ನು ಅಳೆಯಲು ನಾನು ತೋರಿಸುವುದು ಆ ಚಿತ್ರವನ್ನಲ್ಲ, ಒಂದು ಪತ್ರವನ್ನು. 1790ರ ಆಗಸ್ಟಿನಲ್ಲಿ ನ್ಯೂಪೋರ್ಟಿನ ಯೆಹೂದಿ ಸಭೆಗೆ ಬರೆದದ್ದು. ನ್ಯೂಪೋರ್ಟ್ ಇರುವುದು ರಾಜರ್ ವಿಲಿಯಮ್ಸ್ ಕಟ್ಟಿದ ರೋಡ್ ಐಲೆಂಡಿನಲ್ಲಿ. ಈ ಸರ್ಕಾರ ಮತಾಂಧತೆಗೆ ಒಪ್ಪಿಗೆ ಕೊಡುವುದಿಲ್ಲ, ಹಿಂಸೆಗೆ ನೆರವು ಕೊಡುವುದಿಲ್ಲ ಎಂದು ಬರೆದು, ಹಳೆ ಒಡಂಬಡಿಕೆಯ ಮೀಕನ ಮಾತಿನಿಂದಲೇ ಹರಸಿದರು: ಪ್ರತಿಯೊಬ್ಬರೂ ತಮ್ಮ ತಮ್ಮ ದ್ರಾಕ್ಷಿಬಳ್ಳಿ, ಅಂಜೂರದ ಗಿಡದ ನೆರಳಲ್ಲಿ ಯಾರ ಭಯವೂ ಇಲ್ಲದೆ ಕೂರಲಿ ಎಂದು. ಸಹಿಷ್ಣುತೆಯ ಮಾತಿಗೆ ಅವರಿಗೆ ಬೈಬಲಿನಲ್ಲೇ ಪದ ಸಿಕ್ಕಿತು.

ಜೆಫರ್ಸನ್ ಬೈಬಲನ್ನು ಕತ್ತರಿಸಿ ಹಾಕಿದ್ದು ಯಾಕೆ? ಅದು ಅವಮಾನ ಅಲ್ವಾ?

ಸ್ವಾತಂತ್ರ್ಯ ಘೋಷಣೆ ಬರೆದ, ಮುಂದೆ ಮೂರನೇ ಅಧ್ಯಕ್ಷರಾದ ಜೆಫರ್ಸನ್ ಕತ್ತರಿಸಿ ಎಸೆಯಲಿಲ್ಲ, ಕತ್ತರಿಸಿ ಅಂಟಿಸಿದರು. ಸುಮಾರು 1820ರಲ್ಲಿ, ಎಪ್ಪತ್ತೇಳರ ಆಸುಪಾಸಿನಲ್ಲಿ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಹೊಸ ಒಡಂಬಡಿಕೆಗಳನ್ನು ಮುಂದಿಟ್ಟುಕೊಂಡು, ಹರಿತವಾದ ಅಲಗಿನಿಂದ ಸಾಲು ಸಾಲಾಗಿ ಬಿಡಿಸಿದರು. ಹಾಳೆ ತೆರೆದರೆ ಎಡಗಡೆ ಗ್ರೀಕ್, ಲ್ಯಾಟಿನ್. ಬಲಗಡೆ ಫ್ರೆಂಚ್, ಇಂಗ್ಲಿಷ್. ಒಂದೇ ವಚನ ನಾಲ್ಕು ಅಂಕಣಗಳಲ್ಲಿ. ಬೆಟ್ಟದ ಪ್ರಸಂಗ ಇದೆ, ಸಾಮ್ಯಗಳಿವೆ. ನೀರನ್ನು ದ್ರಾಕ್ಷಾರಸ ಮಾಡಿದ್ದು, ಸತ್ತವರನ್ನು ಎಬ್ಬಿಸಿದ್ದು ಇಲ್ಲ. ಕೊನೆಯ ವಚನದಲ್ಲಿ ಸಮಾಧಿಯ ಬಾಗಿಲಿಗೆ ಕಲ್ಲು ಉರುಳಿಸಿ ಹೊರಟುಹೋಗುತ್ತಾರೆ, ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಪುನರುತ್ಥಾನವಿಲ್ಲ.

ನಂಬುವ ಕ್ರೈಸ್ತರಿಗೆ ಇದರಿಂದ ನೋವಾಗುವುದು ಸಹಜ, ಏಕೆಂದರೆ ಅವರ ನಂಬಿಕೆಯ ಜೀವಾಳವೇ ಅಲ್ಲಿ ಬಿಟ್ಟುಹೋಗಿದೆ. ಜೆಫರ್ಸನ್ ಮಾತ್ರ ಇದನ್ನು ಭಕ್ತಿಯಿಂದಲೇ ಮಾಡಿದರು. ಯೇಸುವಿನ ನೀತಿಗಿಂತ ಮಿಗಿಲಾದದ್ದಿಲ್ಲ, ಆತನು ಬಯಸಿದ ಅರ್ಥದಲ್ಲಿ ತಾನು ಕ್ರೈಸ್ತನೇ ಎಂದು 1803ರಲ್ಲಿ ಗೆಳೆಯ ಬೆಂಜಮಿನ್ ರಷ್‌ಗೆ ಬರೆದಿದ್ದರು. ಈ ಪುಸ್ತಕವನ್ನು ಅವರು ಪ್ರಕಟಿಸಲಿಲ್ಲ. 1895ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆ ಅದನ್ನು ಕೊಂಡಿತು. ಮುಂದೆ ಅಮೆರಿಕದ ಸಂಸತ್ತೇ ಅದನ್ನು ಸರ್ಕಾರಿ ಖರ್ಚಿನಲ್ಲಿ ಅಚ್ಚು ಹಾಕಿಸಿತು.

ಅವರೆಲ್ಲ ಡೀಯಿಸ್ಟರಂತೆ, ಕ್ರೈಸ್ತರೇ ಅಲ್ಲವಂತೆ?

'ಎಲ್ಲ' ಅನ್ನುವುದು ತಪ್ಪು. ಜಗತ್ತನ್ನು ಸೃಷ್ಟಿಸಿ ಆಮೇಲೆ ಕೈಬಿಟ್ಟ ದೇವರನ್ನು ನಂಬುವವರು ಡೀಯಿಸ್ಟರು. ಆ ಲೆಕ್ಕಕ್ಕೆ ಸರಿಯಾಗಿ ಬರುವವನು ಟಾಮಸ್ ಪೇನ್ ಒಬ್ಬನೇ ಅನ್ನಬಹುದು. ಫ್ರಾಂಕ್ಲಿನ್ ಕೂಡ ಪೂರ್ತಿ ಬರುವುದಿಲ್ಲ. ಸಾಯುವ ಕೆಲವೇ ವಾರಗಳ ಮುಂಚೆ, 1790ರ ಮಾರ್ಚಿನಲ್ಲಿ, ಯೇಸುವಿನ ದೈವತ್ವದ ಬಗ್ಗೆ ತನಗೆ ಸಂಶಯವಿದೆ ಎಂದು ಬರೆದರೂ, ದೇವರು ಲೋಕವನ್ನು ನಡೆಸುತ್ತಾನೆ, ಪ್ರಾರ್ಥನೆಗೆ ಅರ್ಥವಿದೆ ಎಂದು ನಂಬಿದ್ದರು. ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ತ್ರಿತ್ವವನ್ನು (ದೇವರು ತಂದೆ, ಮಗ, ಪವಿತ್ರಾತ್ಮ ಎಂಬ ನಂಬಿಕೆಯನ್ನು) ಒಪ್ಪದ ಯೂನಿಟೇರಿಯನ್, ಆದರೆ ವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದವರು.

ಇನ್ನೊಂದು ಕಡೆ ನೋಡಿ. ಜಾನ್ ವಿದರ್‌ಸ್ಪೂನ್ ಪ್ರೆಸ್ಬಿಟೇರಿಯನ್ ಪಾದ್ರಿ. ಘೋಷಣೆಗೆ ಸಹಿ ಹಾಕಿದ 56 ಜನರಲ್ಲಿ ವೃತ್ತಿಯಲ್ಲಿದ್ದ ಏಕೈಕ ಪಾದ್ರಿ, ಮುಂದೆ ಸಂವಿಧಾನ ರೂಪಿಸಿದ ಜೇಮ್ಸ್ ಮ್ಯಾಡಿಸನ್ ಅವರ ಗುರು. ಸ್ಯಾಮ್ಯುಯೆಲ್ ಆಡಮ್ಸ್, ರಾಜರ್ ಶರ್ಮನ್, ಜಾನ್ ಜೇ ಸಾಂಪ್ರದಾಯಿಕ ನಂಬಿಕೆಯವರು. ಜೇ ಮುಂದೆ ಅಮೆರಿಕನ್ ಬೈಬಲ್ ಸೊಸೈಟಿಯ ಅಧ್ಯಕ್ಷರಾದರು. ಚಾರ್ಲ್ಸ್ ಕ್ಯಾರೊಲ್ ಸಹಿ ಹಾಕಿದವರಲ್ಲಿ ಒಬ್ಬನೇ ಕಥೋಲಿಕ. ಅವನ ಸ್ವಂತ ಮೇರಿಲ್ಯಾಂಡಿನಲ್ಲಿ ಕಥೋಲಿಕರಿಗೆ ಅಲ್ಲಿಯವರೆಗೆ ಮತ ಹಾಕುವ ಹಕ್ಕೂ ಇರಲಿಲ್ಲ.

## ದಾಖಲೆಗಳ ಬಗ್ಗೆ

ಸ್ವಾತಂತ್ರ್ಯ ಘೋಷಣೆಯಲ್ಲಿ ದೇವರಿದ್ದಾನೆ, ಸಂವಿಧಾನದಲ್ಲಿ ಯಾಕಿಲ್ಲ?

ಘೋಷಣೆ ಸೃಷ್ಟಿಕರ್ತ, ಪ್ರಕೃತಿಯ ದೇವರು, ಲೋಕದ ಪರಮ ನ್ಯಾಯಾಧಿಪತಿ, ದೈವಕೃಪೆ ಎಂದು ನಾಲ್ಕು ಕಡೆ ದೇವರನ್ನು ನೆನೆಯುತ್ತದೆ. ರಾಜನ ಅಧಿಕಾರವನ್ನು ಧಿಕ್ಕರಿಸುವವರು ಅವನಿಗಿಂತ ದೊಡ್ಡ ಅಧಿಕಾರವನ್ನು ಸಾಕ್ಷಿಗೆ ಕರೆಯಲೇಬೇಕಿತ್ತು. ಸಂವಿಧಾನದ ಕೆಲಸ ಬೇರೆ, ಅದು ಆಡಳಿತದ ಕಟ್ಟಳೆ. ಅಲ್ಲಿ ಸಿಗುವುದು ದಿನಾಂಕದ ಜೊತೆ 'ನಮ್ಮ ಪ್ರಭುವಿನ ವರ್ಷ' ಎಂಬ ರೂಢಿಮಾತು, ಅಧ್ಯಕ್ಷರು ಮಸೂದೆ ಪರಿಶೀಲಿಸುವ ಹತ್ತು ದಿನಗಳಲ್ಲಿ ಭಾನುವಾರ ಸೇರುವುದಿಲ್ಲ ಎಂಬ ನಿಯಮ, ಮತ್ತು ಯಾವ ಸರ್ಕಾರಿ ಹುದ್ದೆಗೂ ಧರ್ಮಪರೀಕ್ಷೆ ಇರಕೂಡದು ಎಂಬ ಆರನೇ ವಿಧಿಯ ಕಟ್ಟಪ್ಪಣೆ.

ಅದು ಮರೆವಿನಿಂದ ಆದದ್ದಲ್ಲ. 1787ರ ಜೂನ್ 28ರಂದು, ಸಂವಿಧಾನ ರಚಿಸುವ ಸಭೆಯಲ್ಲಿ ಚರ್ಚೆ ಕಗ್ಗಂಟಾಗಿದ್ದಾಗ, 81 ವರ್ಷದ ಫ್ರಾಂಕ್ಲಿನ್ ಎದ್ದು ದಿನದ ಕಲಾಪವನ್ನು ಪ್ರಾರ್ಥನೆಯಿಂದ ಆರಂಭಿಸೋಣ ಎಂದರು. ಸಭೆ ಆ ಸೂಚನೆಯನ್ನು ಮತಕ್ಕೆ ಹಾಕದೆಯೇ ಅವತ್ತು ಮುಗಿಯಿತು. ಮೂರು ನಾಲ್ಕು ಮಂದಿ ಬಿಟ್ಟರೆ ಉಳಿದವರಿಗೆ ಪ್ರಾರ್ಥನೆ ಅನಗತ್ಯ ಎನಿಸಿತು ಎಂದು ಫ್ರಾಂಕ್ಲಿನ್ ತಮ್ಮ ಭಾಷಣದ ಪ್ರತಿಯ ಮೇಲೆ ಬರೆದಿಟ್ಟಿದ್ದಾರೆ.

ನಮ್ಮ ಸಂವಿಧಾನ ಸಭೆಯಲ್ಲೂ ಇಂಥದೇ ಒಂದು ಗಳಿಗೆ ಬಂದಿತ್ತು. ಪೀಠಿಕೆ 'ದೇವರ ಹೆಸರಿನಲ್ಲಿ' ಎಂದು ಆರಂಭವಾಗಲಿ ಎಂದು 1949ರ ಅಕ್ಟೋಬರ್ 17ರಂದು ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತ್. ಮತಕ್ಕೆ ಹಾಕಿದಾಗ ಪರವಾಗಿ 41, ವಿರೋಧವಾಗಿ 68. ವಿರೋಧಿಸಿದವರಲ್ಲಿ ದೈವಭಕ್ತರೇ ಇದ್ದರು. ನಂಬಿಕೆಯ ವಿಷಯದಲ್ಲಿ ಬಲವಂತ ಸಲ್ಲದು ಎಂಬುದು ಅವರ ವಾದ.

ಚರ್ಚಿಗೂ ಸರ್ಕಾರಕ್ಕೂ ನಡುವೆ ಗೋಡೆ ಕಟ್ಟಿದವರು ನಾಸ್ತಿಕರೇ ಅಲ್ವಾ?

ಈ ಪುಟದಲ್ಲಿ ಒಂದೇ ಒಂದು ಉತ್ತರವನ್ನು ಓದುವುದಾದರೆ ಇದನ್ನು ಓದಿ.

ಕ್ರಾಂತಿಗೆ ಮುಂಚಿನ ವರ್ಜೀನಿಯದಲ್ಲಿ ಇಂಗ್ಲೆಂಡಿನ ಚರ್ಚೇ ಸರ್ಕಾರಿ ಚರ್ಚು. ನೀವು ಯಾವ ಪಂಥದವರಾದರೂ ಅದರ ಪಾದ್ರಿಯ ಸಂಬಳಕ್ಕೆ ತೆರಿಗೆ ಕಟ್ಟಬೇಕು. ಪರವಾನಗಿ ಇಲ್ಲದೆ ಬೋಧಿಸಿದರೆ ಜೈಲು. ಬ್ಯಾಪ್ಟಿಸ್ಟ್ ಬೋಧಕ ಜೇಮ್ಸ್ ಐರ್‌ಲೆಂಡನನ್ನು ಕಲ್‌ಪೆಪರ್ ಜೈಲಿಗೆ ಹಾಕಿದರು. ಅವನು ಕಬ್ಬಿಣದ ಸರಳುಗಳ ಕಿಟಕಿಯಿಂದಲೇ ಹೊರಗೆ ನೆರೆದವರಿಗೆ ಪ್ರಸಂಗ ಮಾಡಿದ. ಪಕ್ಕದ ಆರೆಂಜ್ ಜಿಲ್ಲೆಯಲ್ಲಿ ಬೆಳೆದ ಜೇಮ್ಸ್ ಮ್ಯಾಡಿಸನ್, 22ರ ತರುಣ, 1774ರ ಜನವರಿಯಲ್ಲಿ ಗೆಳೆಯನಿಗೆ ಪತ್ರ ಬರೆದು, ನೆರೆಯ ಜಿಲ್ಲೆಯಲ್ಲಿ ಐದಾರು ಸಜ್ಜನರು ತಮ್ಮ ಧಾರ್ಮಿಕ ಭಾವನೆಗಳನ್ನು ಪ್ರಕಟಿಸಿದ್ದಕ್ಕೆ ಸೆರೆಯಲ್ಲಿದ್ದಾರೆ ಎಂದು ಕುದಿದರು. ಸಂವಿಧಾನದ ಶಿಲ್ಪಿ ಎನಿಸಿಕೊಂಡ ಮನುಷ್ಯನಿಗೆ ಧರ್ಮ ಸ್ವಾತಂತ್ರ್ಯದ ಕಿಚ್ಚು ಹತ್ತಿದ್ದು ಆ ಬಂಧಿತ ಬೋಧಕರಿಂದ.

1784ರಲ್ಲಿ ವರ್ಜೀನಿಯದ ನಾಯಕ ಪ್ಯಾಟ್ರಿಕ್ ಹೆನ್ರಿ, ಕ್ರೈಸ್ತ ಬೋಧಕರ ಜೀವನಕ್ಕಾಗಿ ತೆರಿಗೆ ಹಾಕುವ ಮಸೂದೆ ತಂದರು. ಯಾವ ಪಂಥಕ್ಕೆ ಹಣ ಹೋಗಬೇಕೆಂದು ತೆರಿಗೆದಾರನೇ ಆರಿಸಬಹುದಿತ್ತು. ಮೇಲ್ನೋಟಕ್ಕೆ ಉದಾರವಾದ ಏರ್ಪಾಡು. ಮ್ಯಾಡಿಸನ್ 1785ರಲ್ಲಿ ಹೆಸರು ಹಾಕದೆ 15 ಅಂಶಗಳ ಮನವಿ ಬರೆದು ಹಂಚಿಸಿದರು. ಬೇರೆಲ್ಲ ಧರ್ಮಗಳನ್ನು ಬಿಟ್ಟು ಕ್ರೈಸ್ತ ಧರ್ಮವನ್ನು ಎತ್ತಿ ಹಿಡಿಯಬಲ್ಲ ಸರ್ಕಾರ, ನಾಳೆ ಬೇರೆಲ್ಲ ಪಂಥಗಳನ್ನು ಬಿಟ್ಟು ಒಂದೇ ಪಂಥವನ್ನೂ ಎತ್ತಿ ಹಿಡಿಯಬಲ್ಲದು ಎಂಬುದು ಅವರ ತರ್ಕ. ಆದರೆ ಗುಡ್ಡಗಾಡಿನ ಬ್ಯಾಪ್ಟಿಸ್ಟರು, ಪ್ರೆಸ್ಬಿಟೇರಿಯನ್ನರು ಕಳಿಸಿದ ಅರ್ಜಿಗಳ ಸಹಿಗಳು ಆ ಮನವಿಯ ಸಹಿಗಳಿಗಿಂತ ಎಷ್ಟೋ ಹೆಚ್ಚು. ಕ್ರಿಸ್ತನ ಸಭೆಗೆ ಸರ್ಕಾರದ ಕಾಸು ಬೇಡ ಎಂದವರು ಅವರು. ಹೆನ್ರಿಯ ಮಸೂದೆ ಸತ್ತಿತು. ಜೆಫರ್ಸನ್ ಬರೆದಿಟ್ಟಿದ್ದ ಧರ್ಮ ಸ್ವಾತಂತ್ರ್ಯ ಶಾಸನ 1786ರಲ್ಲಿ ಅಂಗೀಕಾರವಾಯಿತು. ಸಂಸತ್ತು ಯಾವ ಧರ್ಮವನ್ನೂ ಸರ್ಕಾರಿ ಧರ್ಮ ಮಾಡಕೂಡದು, ಯಾರ ಧರ್ಮಾಚರಣೆಗೂ ಅಡ್ಡಿ ಮಾಡಕೂಡದು ಎನ್ನುವ, 1791ರಲ್ಲಿ ಜಾರಿಗೆ ಬಂದ ಸಂವಿಧಾನದ ಮೊದಲ ತಿದ್ದುಪಡಿಯ ಬೇರು ಇದು.

ಈಗ 'ಗೋಡೆ'ಗೆ ಬರೋಣ. ಕನೆಕ್ಟಿಕಟ್ಟಿನ ಡ್ಯಾನ್‌ಬರಿ ಬ್ಯಾಪ್ಟಿಸ್ಟರು, ತಮ್ಮ ರಾಜ್ಯದಲ್ಲಿ ಧರ್ಮ ಸ್ವಾತಂತ್ರ್ಯ ಹಕ್ಕಾಗಿಲ್ಲ, ಸರ್ಕಾರ ತೋರುವ ದಯೆಯಾಗಿದೆ ಎಂದು ಅಧ್ಯಕ್ಷ ಜೆಫರ್ಸನ್‌ಗೆ ದೂರಿದರು. 1802ರ ಜನವರಿ 1ರಂದು ಜೆಫರ್ಸನ್ ಉತ್ತರ ಕೊಡುತ್ತ, ಚರ್ಚಿಗೂ ಪ್ರಭುತ್ವಕ್ಕೂ ನಡುವಿನ ಗೋಡೆಯ ಮಾತಾಡಿದರು. ಅದೇ ದಿನ ಮ್ಯಾಸಚೂಸೆಟ್ಸಿನ ಚೆಷೈರ್ ಊರಿನಿಂದ ಬ್ಯಾಪ್ಟಿಸ್ಟ್ ಬೋಧಕ ಜಾನ್ ಲೆಲ್ಯಾಂಡ್ ಒಂದು ಉಡುಗೊರೆ ತಂದು ಒಪ್ಪಿಸಿದ: 1,235 ಪೌಂಡ್ ತೂಕದ, ಅಂದರೆ ಸುಮಾರು 560 ಕಿಲೋದ ಚೀಸ್ ಚಕ್ರ. ಒಬ್ಬ ಗುಲಾಮನ ಕೈಯೂ ಸೋಕದೆ ರೈತರು, ಅವರ ಹೆಂಡತಿಯರು, ಹೆಣ್ಣುಮಕ್ಕಳು ಸೇರಿ ಮಾಡಿದ್ದು ಎಂದು ಅವರ ಪತ್ರ ಹೇಳುತ್ತದೆ. ಎರಡು ದಿನ ಬಿಟ್ಟು ಭಾನುವಾರ ಲೆಲ್ಯಾಂಡ್ ಸಂಸತ್ ಸಭಾಂಗಣದಲ್ಲೇ ಪ್ರಸಂಗ ಮಾಡಿದ, ಜೆಫರ್ಸನ್ ಹೋಗಿ ಕೂತು ಕೇಳಿದರು. ಗೋಡೆಯ ಮಾತು ಬರೆದ ಕೈಗೆ ಆಗಿನ್ನೂ ಶಾಯಿ ಆರಿರಲಿಲ್ಲ. ಪವಾಡ ನಂಬದ ಅಧ್ಯಕ್ಷ, ಪವಾಡ ನಂಬುವ ಬೋಧಕ, ಇಬ್ಬರಿಗೂ ಆ ಗೋಡೆ ಬೇಕಾಗಿತ್ತು. ಅದು ಈ ಇಬ್ಬರ ಜಂಟಿ ಕೆಲಸ, ಒಬ್ಬರ ಹೆಸರಿಗೆ ಬರೆದುಕೊಟ್ಟರೆ ಇನ್ನೊಬ್ಬರಿಗೆ ಅನ್ಯಾಯ.

ಟ್ರಿಪೋಲಿ ಒಪ್ಪಂದದಲ್ಲಿ 'ನಾವು ಕ್ರೈಸ್ತ ರಾಷ್ಟ್ರ ಅಲ್ಲ' ಅಂತ ಬರೆದುಕೊಟ್ಟಿದ್ದಾರಂತೆ?

ಹೌದು. ಅದು ಉತ್ತರ ಆಫ್ರಿಕದ ಮುಸ್ಲಿಂ ರಾಜ್ಯ ಟ್ರಿಪೋಲಿಯ ಜೊತೆ ಮಾಡಿಕೊಂಡ ಒಪ್ಪಂದ. ಅಮೆರಿಕದ ಸರ್ಕಾರ ಯಾವ ಅರ್ಥದಲ್ಲೂ ಕ್ರೈಸ್ತ ಧರ್ಮದ ಮೇಲೆ ಸ್ಥಾಪಿತವಾದದ್ದಲ್ಲ ಎಂದು ಅದರ ಹನ್ನೊಂದನೇ ವಿಧಿ ಹೇಳುತ್ತದೆ. 1797ರ ಜೂನ್‌ನಲ್ಲಿ ಸೆನೆಟ್ ಒಂದೂ ವಿರೋಧವಿಲ್ಲದೆ ಒಪ್ಪಿತು, ಜಾನ್ ಆಡಮ್ಸ್ ಸಹಿ ಹಾಕಿದರು. ಅರಬ್ಬಿ ಪ್ರತಿಯಲ್ಲಿ ಈ ವಿಧಿ ಇಲ್ಲ ಎಂಬುದೂ ನಿಜ, ಆದರೆ ಸೆನೆಟ್ಟಿನ ಮುಂದೆ ಇದ್ದದ್ದು ಇಂಗ್ಲಿಷ್ ಪ್ರತಿ. ಇದೇ ಆಡಮ್ಸ್ 1798ರಲ್ಲಿ, ನಮ್ಮ ಸಂವಿಧಾನ ನೀತಿವಂತ, ಧರ್ಮವಂತ ಜನರಿಗಾಗಿ ಮಾತ್ರ ಮಾಡಿದ್ದು ಎಂದೂ ಬರೆದರು. ಸರ್ಕಾರದ ಬುನಾದಿ ಒಂದು, ಜನರ ನಡತೆಯ ಬುನಾದಿ ಇನ್ನೊಂದು ಎಂದು ಅವರು ತಿಳಿದಿದ್ದರು.

ಹಿಂದೂಗಳೂ ಅಲ್ಲಿ ಬಂದು ಬಾಳಬಹುದು ಅಂತ ಅವರು ಯೋಚಿಸಿಯಾದರೂ ಇದ್ದರಾ?

ಜೆಫರ್ಸನ್ ಯೋಚಿಸಿದ್ದರು. ವರ್ಜೀನಿಯದ ಶಾಸನದ ಪೀಠಿಕೆಯಲ್ಲಿ 'ಯೇಸು ಕ್ರಿಸ್ತ' ಎಂಬ ಹೆಸರು ಸೇರಿಸಬೇಕೆಂಬ ತಿದ್ದುಪಡಿ ಬಂದು, ಭಾರೀ ಬಹುಮತದಿಂದ ಬಿದ್ದುಹೋಯಿತು ಎಂದು ಅವರು 1821ರಲ್ಲಿ ಬರೆದ ಆತ್ಮಕಥೆಯಲ್ಲಿ ನೆನೆಯುತ್ತಾರೆ. ಯೆಹೂದಿ, ಕ್ರೈಸ್ತ, ಮುಸಲ್ಮಾನ, ಹಿಂದೂ, ಯಾವುದನ್ನೂ ನಂಬದವನು, ಎಲ್ಲರೂ ಈ ಶಾಸನದ ಆಸರೆಯಲ್ಲಿ ಬರಬೇಕೆಂಬುದಕ್ಕೆ ಅದೇ ಪುರಾವೆ ಎನ್ನುತ್ತಾರೆ. ಅವರ ಸುತ್ತ ಆಗ ಒಬ್ಬ ಹಿಂದೂ ನೆರೆಯವನೂ ಇರಲಿಲ್ಲ. ಅಲ್ಲಿ ದೇವಸ್ಥಾನ ಕಟ್ಟಿಕೊಂಡು, ಗಣೇಶನ ಹಬ್ಬ ಮಾಡುವ ಕನ್ನಡ ಕೂಟದವರೆಲ್ಲ ಈ ಸಾಲನ್ನು ಒಮ್ಮೆ ಓದಬೇಕೆಂದು ನನ್ನಾಸೆ. 2000ದ ಸೆಪ್ಟೆಂಬರಿನಲ್ಲಿ ಹಿಂದೂ ಅರ್ಚಕರೊಬ್ಬರು ಅಮೆರಿಕದ ಪ್ರತಿನಿಧಿ ಸಭೆಯ ಕಲಾಪವನ್ನು ಮೊದಲ ಬಾರಿಗೆ ಪ್ರಾರ್ಥನೆಯಿಂದ ಆರಂಭಿಸಿದರು. 2007ರಲ್ಲಿ ಸೆನೆಟ್ಟಿನಲ್ಲಿ ಹಾಗೆ ಪ್ರಾರ್ಥಿಸುವಾಗ ಗ್ಯಾಲರಿಯಿಂದ ಕೆಲವರು ಕೂಗಿ ಅಡ್ಡಿಪಡಿಸಿದರು. ಅವರನ್ನು ಹೊರಗೆ ಒಯ್ದ ಮೇಲೆ ಪ್ರಾರ್ಥನೆ ಪೂರ್ತಿಯಾಯಿತು.

## ಕಷ್ಟದ ಪ್ರಶ್ನೆಗಳು

ಗುಲಾಮರನ್ನು ಇಟ್ಟುಕೊಂಡೇ ಬೈಬಲ್ ಓದುತ್ತಿದ್ದರಲ್ಲ, ಅದೆಂಥ ಕ್ರೈಸ್ತ ಪರಂಪರೆ?

ಇದಕ್ಕೆ ಸಮಾಧಾನ ಹೇಳುವ ಉತ್ತರ ನನ್ನಲ್ಲಿಲ್ಲ. 'ಎಲ್ಲರೂ ಸಮಾನರಾಗಿ ಸೃಷ್ಟಿಯಾಗಿದ್ದಾರೆ' ಎಂದು ಬರೆದ ಜೆಫರ್ಸನ್ ತಮ್ಮ ಬಾಳಿನಲ್ಲಿ 600ಕ್ಕೂ ಹೆಚ್ಚು ಜನರ ಒಡೆಯರಾಗಿದ್ದರು. ವಾಷಿಂಗ್ಟನ್ ತಮ್ಮ ಒಡೆತನದಲ್ಲಿದ್ದವರ ಬಿಡುಗಡೆಯನ್ನು ಉಯಿಲಿನಲ್ಲಿ ಬರೆದರು, ಬದುಕಿರುವಾಗ ಮಾಡಲಿಲ್ಲ. ಗುಲಾಮಗಿರಿಯನ್ನು ವಚನ ಹಿಡಿದು ಸಮರ್ಥಿಸಿದ ಪಾದ್ರಿಗಳಿದ್ದರು, ವಚನ ಹಿಡಿದೇ ಖಂಡಿಸಿದ ಕ್ವೇಕರರಿದ್ದರು.

ಆದರೆ ಸ್ಥಾಪಕರ ಪಟ್ಟಿಯಲ್ಲಿ ನಾವು ಸೇರಿಸದ ಹೆಸರುಗಳಿವೆ. ರಿಚರ್ಡ್ ಅಲೆನ್ ಗುಲಾಮನಾಗಿ ಹುಟ್ಟಿ, ದುಡಿದು, ತನ್ನ ಬಿಡುಗಡೆಯನ್ನು ತಾನೇ ಕೊಂಡವನು. ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ಸ್ ಚರ್ಚಿನಲ್ಲಿ ಅವನ ಜೊತೆಗಾರ ಆಬ್ಸಲಮ್ ಜೋನ್ಸ್ ಮಂಡಿಯೂರಿ ಪ್ರಾರ್ಥಿಸುತ್ತಿದ್ದಾಗ, ಈ ಜಾಗ ನಿಮ್ಮದಲ್ಲ ಎಂದು ಚರ್ಚಿನವರು ಅವನನ್ನು ಹಿಡಿದೆಳೆದರು. ಪ್ರಾರ್ಥನೆ ಮುಗಿಯುವವರೆಗಾದರೂ ತಾಳಿ ಎಂದು ಜೋನ್ಸ್ ಕೇಳಿಕೊಂಡರೂ ತಾಳಲಿಲ್ಲ. ಕಪ್ಪು ಜನರೆಲ್ಲ ಎದ್ದು ಹೊರನಡೆದರು. 1794ರಲ್ಲಿ ಅಲೆನ್ ಬೆತೆಲ್ ಚರ್ಚನ್ನು ಕಟ್ಟಿದ. 1816ರಲ್ಲಿ ಅದು ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಎಂಬ ಸ್ವತಂತ್ರ ಸಭೆಯಾಯಿತು. ವಿಮೋಚನಕಾಂಡದಲ್ಲಿ ದಾಸತ್ವದಿಂದ ಹೊರಟ ಇಸ್ರಾಯೇಲ್ಯರ ಕಥೆಯನ್ನು ಆ ದೇಶದಲ್ಲಿ ಅತ್ಯಂತ ಆಳವಾಗಿ ಓದಿದವರು ಇವರೇ. ಅಮೆರಿಕದ ಕ್ರೈಸ್ತ ಪರಂಪರೆ ಎಂದಾಗ ನನಗೆ ಮೊದಲು ನೆನಪಾಗುವುದು ಇವರು.

ಇಂಟರ್‌ನೆಟ್ಟಲ್ಲಿ ಬರೋ ಸ್ಥಾಪಕರ ಮಾತುಗಳನ್ನು ನಂಬಬಹುದಾ?

ಎರಡೂ ಕಡೆಯವರದನ್ನು ಪರೀಕ್ಷಿಸಿಯೇ ನಂಬಿ. ಈ ದೇಶ ಕಟ್ಟಲ್ಪಟ್ಟದ್ದು ಯೇಸು ಕ್ರಿಸ್ತನ ಸುವಾರ್ತೆಯ ಮೇಲೆ ಎಂದು ಪ್ಯಾಟ್ರಿಕ್ ಹೆನ್ರಿ ಹೆಸರಿನಲ್ಲಿ ಓಡಾಡುವ ಮಾತು ಅವರ ಬರಹದಲ್ಲಿ ಎಲ್ಲೂ ಇಲ್ಲ. ಧರ್ಮವೇ ಇಲ್ಲದಿದ್ದರೆ ಇದು ಅತ್ಯುತ್ತಮ ಲೋಕವಾಗಿರುತ್ತಿತ್ತು ಎಂಬ ಮಾತು ಜಾನ್ ಆಡಮ್ಸ್ ಅವರದೇ, 1817ರಲ್ಲಿ ಜೆಫರ್ಸನ್‌ಗೆ ಬರೆದ ಪತ್ರದ್ದು. ಆದರೆ ಹಾಗೆ ಕೂಗಿಬಿಡಬೇಕೆಂದು ತನಗೆ ಅನಿಸಿದ್ದುಂಟು ಎಂದು ಹೇಳಿ, ಮರುಸಾಲಿನಲ್ಲೇ ಅದನ್ನು ತಳ್ಳಿಹಾಕುತ್ತಾರೆ: ಧರ್ಮವಿಲ್ಲದ ಲೋಕ ನರಕವೇ ಆಗುತ್ತಿತ್ತು ಎಂದು. ಮೊದಲ ಸಾಲನ್ನು ಮಾತ್ರ ಹಂಚುವವರು ಅವರಿಗೆ ತಿರುಗುಮುರುಗಾದ ಅಭಿಪ್ರಾಯ ಅಂಟಿಸುತ್ತಾರೆ. ಮೂಲ ಪತ್ರಗಳು ಈಗ ಉಚಿತವಾಗಿ ಓದಲು ಸಿಗುತ್ತವೆ. ಪತ್ರದ ದಿನಾಂಕವಿಲ್ಲದ ಉಲ್ಲೇಖವನ್ನು ಮುಂದೆ ಕಳಿಸಬೇಡಿ.

ಡಾಲರ್ ನೋಟಿನ ಮೇಲೆ 'ದೇವರಲ್ಲಿ ನಮ್ಮ ಭರವಸೆ' ಅಂತಿದೆ. ಅದು ವಾಷಿಂಗ್ಟನ್ ಕಾಲದ್ದೇ ತಾನೆ?

ಅಲ್ಲ. ಆ ಮಾತು ಮೊದಲು ಬಂದದ್ದು ಅಂತರ್ಯುದ್ಧದ ನಡುವೆ, 1864ರ ಎರಡು ಸೆಂಟಿನ ನಾಣ್ಯದ ಮೇಲೆ. ರಾಷ್ಟ್ರದ ಧ್ಯೇಯವಾಕ್ಯವಾದದ್ದು 1956ರಲ್ಲಿ, ನೋಟಿನ ಮೇಲೆ ಬಂದದ್ದು 1957ರಿಂದ. ಸೋವಿಯತ್ ನಾಸ್ತಿಕತೆಗೆ ಎದುರಾಗಿ ತಮ್ಮನ್ನು ಗುರುತಿಸಿಕೊಳ್ಳುವ ಹಂಬಲ ಅದರ ಹಿಂದಿತ್ತು.

ನಮ್ಮ ಮಗಳು ಅಲ್ಲಿ ಎರಡನೇ ಕ್ಲಾಸು. ದಿನಾ ಬೆಳಗ್ಗೆ ಬಾವುಟದ ಪ್ರತಿಜ್ಞೆಯಲ್ಲಿ 'ದೇವರ ಅಧೀನದ ರಾಷ್ಟ್ರ' ಅಂತ ಹೇಳಿಸ್ತಾರೆ. ಹೇಳಲೇಬೇಕಾ?

ಹೇಳಲೇಬೇಕೆಂದಿಲ್ಲ. ಪ್ರತಿಜ್ಞೆಯನ್ನು 1892ರಲ್ಲಿ ಬರೆದವನು ಫ್ರಾನ್ಸಿಸ್ ಬೆಲಮಿ, ಬ್ಯಾಪ್ಟಿಸ್ಟ್ ಪಾದ್ರಿ. ಅವನ ಪಾಠದಲ್ಲಿ ದೇವರ ಪ್ರಸ್ತಾಪ ಇರಲಿಲ್ಲ. ಸಂಸತ್ತು ಆ ಮಾತು ಸೇರಿಸಿದ್ದು 1954ರಲ್ಲಿ. ಅದಕ್ಕೂ ಮುಂಚೆಯೇ, 1943ರಲ್ಲಿ, ಯೆಹೋವನ ಸಾಕ್ಷಿಗಳ ಪಂಥದ ಮಕ್ಕಳು ತಮ್ಮ ನಂಬಿಕೆಗೆ ವಿರುದ್ಧವೆಂದು ಬಾವುಟಕ್ಕೆ ವಂದಿಸಲು ಒಪ್ಪದಿದ್ದಾಗ, ಯಾವ ಮಗುವನ್ನೂ ಪ್ರತಿಜ್ಞೆಗೆ ಬಲವಂತ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಸರ್ಕಾರಿ ಶಾಲೆಯಲ್ಲಿ ನಿಮ್ಮ ಮಗಳು ಇಡೀ ಪ್ರತಿಜ್ಞೆ ಹೇಳಬಹುದು, ಆ ಮಾತನ್ನಷ್ಟೇ ಬಿಡಬಹುದು, ಸುಮ್ಮನೆ ಇರಬಹುದು. ಕೆಲವು ರಾಜ್ಯಗಳಲ್ಲಿ ತಂದೆತಾಯಿಯ ಚೀಟಿ ಕೇಳುತ್ತಾರೆ, ಟೀಚರನ್ನು ಒಮ್ಮೆ ವಿಚಾರಿಸಿಕೊಳ್ಳಿ. ಹೇಳಬೇಕೋ ಬೇಡವೋ ಎಂಬುದನ್ನು ಮಾತ್ರ ಮನೆಯಲ್ಲಿ ಕೂತು ಅವಳ ಜೊತೆಗೇ ಮಾತಾಡಿ ತೀರ್ಮಾನಿಸಿ.